ಮುರಿದ ತುಂಡು ಎಲ್ಲಿ ಹೋಯಿತು?

ಪುಣೆಯಲ್ಲಿ ಹಳೆಯ ಜಿಪ್ಸಿ ಕೊಂಡು, ಎರಡು ಇಂಚು ಎತ್ತರಿಸಿ, ವಾರಾಂತ್ಯಕ್ಕೆ ಸಹ್ಯಾದ್ರಿ ಹತ್ತುವ ಕನ್ನಡಿಗ ನಾನೊಬ್ಬನೇ ಅಲ್ಲ. ಕಳೆದ ಮಳೆಗಾಲದಲ್ಲಿ ಹಿಂದಿನ ಲೀಫ್ ಸ್ಪ್ರಿಂಗಿನ ಮುಖ್ಯ ಪಟ್ಟಿ ಮುರಿಯಿತು. ಲಿಫ್ಟ್ ಕಿಟ್ ಕೂರಿಸಿದ್ದ ಗ್ಯಾರೇಜಿನವರ ಉತ್ತರ ಒಂದೇ: ಇನ್ನೂ ಗಟ್ಟಿ ಸೆಟ್ ಹಾಕೋಣ. ಮುರಿದ ತುಂಡು ಆಗಲೇ ಗುಜರಿ ರಾಶಿ ಸೇರಿತ್ತು.

ನನ್ನ ತಕರಾರು ಇರುವುದೇ ಇಲ್ಲಿ. ಮುರಿದ ಜಾಗ ನೋಡದೆ ಹೊಸದು ಹಾಕುವುದು ಲಾಗ್ ಓದದೆ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. ತುದಿಯ ಸುರುಳಿ ಬಳಿ ಮುರಿದಿದ್ದರೆ ಶ್ಯಾಕಲ್, ಬುಷ್ ನೋಡಬೇಕು. ನಡುವಿನ ಸೆಂಟರ್ ಬೋಲ್ಟ್ ತೂತಿನಲ್ಲಿ ತುಂಡಾಗಿದ್ದರೆ ಮೊದಲ ಅನುಮಾನ ಯು-ಬೋಲ್ಟ್ ಮೇಲೆ. ಅದರ ಬಿಗಿ ಹೋದರೆ ಪಟ್ಟಿ ಅಲ್ಲೇ ಬಾಗಿ ಬಾಗಿ ದಣಿಯುತ್ತದೆ. ರಾಶಿಯಿಂದ ಎತ್ತಿಸಿ ನೋಡಿದೆ. ತೂತಿನಲ್ಲೇ ಮುರಿದಿತ್ತು. ನಟ್ಟುಗಳು ಸಡಿಲವಿದ್ದವೆಂದು ಬಿಚ್ಚಿದ ಹುಡುಗನೇ ಹೇಳಿದ. ಗಟ್ಟಿ ಸೆಟ್ಟಿಗೂ ಅದೇ ಗತಿಯಾಗುತ್ತಿತ್ತು.

ಹೊಸ ಯು-ಬೋಲ್ಟ್ ಹಾಕಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿಸಿ. ಅರ್ಧ ಗಂಟೆಯ ಕೆಲಸ, ಲಾಭವಿಲ್ಲವೆಂದು ಯಾರೂ ಹೇಳುವುದಿಲ್ಲ. ಪಟ್ಟಿಗೆ ವೆಲ್ಡಿಂಗ್ ಮಾತ್ರ ಬೇಡವೇ ಬೇಡ; ಕಾವಿಗೆ ಉಕ್ಕಿನ ಹದ ಕೆಡುತ್ತದೆ.

ಘಟ್ಟದಲ್ಲಿ ಮುರಿದರೆ ಗೆಳೆಯರು ಎಳೆದು ತರುತ್ತಾರೆ. ದೀಪಾವಳಿಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹುಬ್ಬಳ್ಳಿಗೆ ಹೊರಡುವುದೂ ಇದೇ ಗಾಡಿಯಲ್ಲಿ. ಹೆದ್ದಾರಿಯ ವೇಗದಲ್ಲಿ ಆಕ್ಸಲ್ ಜಾಗ ಬಿಟ್ಟರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ.