ದೊಡ್ಡ ಮೀನು ಸಿಕ್ಕರೆ ನೀರಿಗೇ ಬಿಡಬೇಕು! ಅಮೆರಿಕದ ಈ ನಿಯಮದಿಂದ ನಮ್ಮ ಕರಾವಳಿಗೇನು ಪಾಠ?

ಮೇ ಕೊನೆ, ಜೂನ್ ಆರಂಭ ಬಂತೆಂದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಹವ್ಯಾಸಿ ಗಾಳಗಾರರಿಗೆ ಸುಗ್ಗಿ. ನ್ಯೂಜೆರ್ಸಿಯಿಂದ ನ್ಯೂಯಾರ್ಕ್‌ನ ಮಾಂಟಾಕ್, ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ವರೆಗೆ ದಡದ ಮೇಲೂ ಸಣ್ಣ ದೋಣಿಗಳಲ್ಲೂ ಜನವೋ ಜನ. ಎಲ್ಲರ ಕಣ್ಣು 'ಸ್ಟ್ರೈಪ್ಡ್ ಬಾಸ್' ಎಂಬ ಮೀನಿನ ಮೇಲೆ. ಮೈಮೇಲೆ ಕಪ್ಪು ಗೆರೆಗಳಿರುವ ಈ ಮೀನು 20 ಕೆಜಿ ದಾಟುವುದುಂಟು. 2011ರಲ್ಲಿ ಸಿಕ್ಕ ದಾಖಲೆ ಮೀನು ಸುಮಾರು 37 ಕೆಜಿ ತೂಗಿತ್ತು. ಈಗ ಅಂಥದ್ದು ಸಿಕ್ಕರೆ ಹವ್ಯಾಸಿಗಳು ಮನೆಗೆ ಒಯ್ಯುವಂತಿಲ್ಲ.

ನಿಯಮ ಏನು ಹೇಳುತ್ತದೆ?

ಸಮುದ್ರದಲ್ಲಿ ಒಬ್ಬರಿಗೆ ದಿನಕ್ಕೆ ಒಂದೇ ಮೀನು. ಅದರ ಉದ್ದ 28ರಿಂದ 31 ಇಂಚು, ಅಂದರೆ 71ರಿಂದ 79 ಸೆಂ.ಮೀ. ಒಳಗಿರಬೇಕು. ಚಿಕ್ಕದೂ ಬೇಡ, ದೊಡ್ಡದೂ ಬೇಡ. ದಡದಿಂದ ಮೂರು ಮೈಲಿ ಆಚೆಗಿನ ಕೇಂದ್ರ ಸರ್ಕಾರದ ನೀರಿನಲ್ಲಿ 1990ರಿಂದಲೂ ಈ ಮೀನು ಹಿಡಿಯುವುದು ನಿಷಿದ್ಧ. ಹಾಗಾಗಿ ಗಾಳದ ಒತ್ತಡವೆಲ್ಲ ದಡದಂಚಿನ ನೀರಿನ ಮೇಲೆಯೇ.

ದೊಡ್ಡದನ್ನು ಬಿಡುವುದಕ್ಕೆ ಕಾರಣ ಸರಳ. ಈ ಜಾತಿಯ ಅತಿ ದೊಡ್ಡ ಮೀನುಗಳಲ್ಲಿ ಬಹುತೇಕ ಹೆಣ್ಣು. ಏಪ್ರಿಲ್–ಮೇನಲ್ಲಿ ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳು, ಹಡ್ಸನ್ ಮತ್ತು ಡೆಲವೇರ್ ನದಿಗಳಲ್ಲಿ ಮೊಟ್ಟೆಯಿಟ್ಟು ಅವು ಉತ್ತರಕ್ಕೆ ಹೊರಡುತ್ತವೆ. ದೊಡ್ಡ ತಾಯಿ ಮೀನು ಒಮ್ಮೆಗೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಬೇಸಿಗೆ ಆರಂಭದಲ್ಲಿ ದಡದ ಬಳಿ ಗಾಳಕ್ಕೆ ಬೀಳುವುದು ಇದೇ ತಾಯಂದಿರು.

ಈಗೇಕೆ ಆತಂಕ?

1970ರ ದಶಕದ ಕೊನೆಯಿಂದ ಈ ಮೀನಿನ ಸಂತತಿ ಕುಸಿಯಿತು. 1984ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾಯ್ದೆ ತಂದಿತು. 1985ರಲ್ಲಿ ಮೇರಿಲ್ಯಾಂಡ್ ರಾಜ್ಯ ಐದು ವರ್ಷ ಪೂರ್ಣ ನಿಷೇಧ ಹೇರಿತು. 1995ರ ಹೊತ್ತಿಗೆ ಸಂತತಿ ಚೇತರಿಸಿಕೊಂಡಿದೆ ಎಂದು ಘೋಷಣೆಯಾಯಿತು. ಆದರೆ 2019ರ ಸಮೀಕ್ಷಾ ವರದಿ ಮತ್ತೆ ಎಚ್ಚರಿಕೆ ಗಂಟೆ ಬಾರಿಸಿತು. ಮೇರಿಲ್ಯಾಂಡ್‌ನ ಮರಿ ಮೀನು ಗಣತಿಯಲ್ಲಿ 2019ರಿಂದ ಪ್ರತಿ ವರ್ಷವೂ ಸಂಖ್ಯೆ ಸರಾಸರಿಗಿಂತ ಕೆಳಗೇ ಇದೆ. ಬೆಚ್ಚಗಿನ ಚಳಿಗಾಲ, ನದಿಗಳಲ್ಲಿ ಕಡಿಮೆ ಹರಿವು ಇದಕ್ಕೆ ಮುಖ್ಯ ಕಾರಣವೆಂದು ತಜ್ಞರು ಹೇಳುತ್ತಾರೆ.

ಹವಾಮಾನ ಯಾರ ಕೈಯಲ್ಲೂ ಇಲ್ಲ. ಒಳ್ಳೆಯ ವರ್ಷ ಬರುವ ತನಕ ತಾಯಿ ಮೀನುಗಳನ್ನು ಉಳಿಸಿಕೊಳ್ಳುವುದಷ್ಟೇ ಉಳಿದಿರುವ ದಾರಿ. 2015ರಲ್ಲಿ ಹುಟ್ಟಿದ ಸಮೃದ್ಧ ಪೀಳಿಗೆ ಬೆಳೆದು ನಿಂತಾಗ, 2022ರಲ್ಲಿ ಹವ್ಯಾಸಿಗಳು ಮನೆಗೊಯ್ದ ಮೀನಿನ ಸಂಖ್ಯೆ ಹಿಂದಿನ ವರ್ಷದ ಸುಮಾರು ದುಪ್ಪಟ್ಟಾಯಿತು. ಹಾಗಾಗಿ 2023ರ ಮೇನಲ್ಲಿ ತುರ್ತು ಕ್ರಮವಾಗಿ ಗರಿಷ್ಠ ಉದ್ದವನ್ನು 35ರಿಂದ 31 ಇಂಚಿಗೆ ಇಳಿಸಲಾಯಿತು. 2029ರೊಳಗೆ ಸಂತತಿ ಚೇತರಿಸಬೇಕೆಂಬುದು ಗುರಿ.

ಬಿಟ್ಟರೂ ಸಾಯುತ್ತವೆ!

ಸಮಸ್ಯೆಯ ತಿರುಳು ಇಲ್ಲಿದೆ. ಗಾಳಕ್ಕೆ ಬಿದ್ದ ಮೀನುಗಳಲ್ಲಿ ಸುಮಾರು ಶೇ 90ರಷ್ಟನ್ನು ಮರಳಿ ಬಿಡಲಾಗುತ್ತದೆ. ಬಿಟ್ಟವುಗಳಲ್ಲಿ ಶೇ 9ರಷ್ಟು ಸಾಯುತ್ತವೆ ಎಂಬ ಅಂದಾಜಿನ ಮೇಲೆ ಲೆಕ್ಕ ನಡೆಯುತ್ತದೆ. ಅಂದರೆ ಒಂದೇ ದಿನ 20 ಮೀನು ಹಿಡಿದು ಇಪ್ಪತ್ತನ್ನೂ ಬಿಟ್ಟವನು, ಒಂದನ್ನು ಹಿಡಿದು ತಿಂದವನಿಗಿಂತ ಹೆಚ್ಚು ಮೀನು ಕೊಂದಿರುತ್ತಾನೆ! ನೀರು ಬಿಸಿಯಾದಷ್ಟೂ ಈ ಸಾವು ಹೆಚ್ಚು. ಅಳತೆಪಟ್ಟಿಯ ನಿಯಮ ಇದನ್ನು ತಡೆಯಲಾರದು. ತಡೆಯಬೇಕಾದರೆ ಕೆಲವು ವಾರ ಗಾಳ ಹಾಕುವುದನ್ನೇ ನಿಲ್ಲಿಸಬೇಕು.

ಅದು ಚರ್ಚೆಗೂ ಬಂತು. ಆದರೆ ಬಾಡಿಗೆ ದೋಣಿಯವರು, ಗಾಳದ ಅಂಗಡಿಯವರ ಹೊಟ್ಟೆಪಾಡಿನ ಪ್ರಶ್ನೆಯೂ ಎದುರಾಯಿತು. 2025ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ರಾಜ್ಯಗಳ ಮೀನುಗಾರಿಕೆ ಆಯೋಗದ ಮಂಡಳಿ, ಶೇ 12ರಷ್ಟು ಕಡಿತದ ಪ್ರಸ್ತಾವವನ್ನು ಕೈಬಿಟ್ಟು ಯಥಾಸ್ಥಿತಿ ಮುಂದುವರಿಸಿತು.

ನಮ್ಮಲ್ಲಿ ಲೆಕ್ಕ ಉಲ್ಟಾ

ಅಮೆರಿಕ ಹಿಂಜರಿದ ಕೆಲಸವನ್ನು ಭಾರತ ಪ್ರತಿ ವರ್ಷ ಮಾಡುತ್ತಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14 ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಲ್ಪೆಯ ಬೋಟ್‌ಗಳು ದಕ್ಕೆಯಲ್ಲಿ ನಿಲ್ಲುತ್ತವೆ, ಸಾಂಪ್ರದಾಯಿಕ ನಾಡದೋಣಿಗಳು ಮಾತ್ರ ಇಳಿಯುತ್ತವೆ. ಅಲ್ಲಿ ಅದು ಬಹುಪಾಲು ಹವ್ಯಾಸ, ಇಲ್ಲಿ ಅನ್ನ. ಆದರೂ ದೋಣಿ ನಿಲ್ಲಿಸುವ ತ್ಯಾಗ ಮಾಡುತ್ತಿರುವವರು ನಮ್ಮ ಮೀನುಗಾರರು.

ನಮ್ಮ ಕೊರತೆ ಬೇರೆ. ಕೇರಳ, ಮಹಾರಾಷ್ಟ್ರದಂಥ ರಾಜ್ಯಗಳು ಮೀನಿಗೆ ಕನಿಷ್ಠ ಗಾತ್ರ ನಿಗದಿ ಮಾಡಿವೆ. ದೊಡ್ಡದಕ್ಕೆ ಮಿತಿ ಹಾಕುವ ಯೋಚನೆಯೇ ಇಲ್ಲ. ಬಲೆಗೆ ಬಿದ್ದ ಮೀನು ಬಹುಪಾಲು ಸತ್ತೇ ಮೇಲೆ ಬರುವುದರಿಂದ, ಅಮೆರಿಕದ ನಿಯಮವನ್ನು ಹಾಗೆಯೇ ನಕಲು ಮಾಡಿ ಪ್ರಯೋಜನವೂ ಇಲ್ಲ. ಮಂಗಳೂರಿನ ಅಂಜಲ್, ಮುಂಬೈನ ಸುರ್ಮಾಯಿ, ಚೆನ್ನೈನ ವಂಜರಂ ಎಲ್ಲವೂ ಒಂದೇ ಮೀನು. ಅದರ ತಾಯಂದಿರನ್ನು ಉಳಿಸಲು ನಮಗಿರುವ ದೊಡ್ಡ ಅಸ್ತ್ರ ಆ 61 ದಿನಗಳೇ.

ಹಾಗಾಗಿ ಪ್ರಶ್ನೆ ನಿಷೇಧ ಬೇಕೋ ಬೇಡವೋ ಎಂಬುದಲ್ಲ. ಆ ಎರಡು ತಿಂಗಳು ಕೂಲಿ ಇಲ್ಲದೆ ಕೂರುವ ಬೋಟ್ ಕಾರ್ಮಿಕರಿಗೆ ಪರಿಹಾರ ಸಕಾಲಕ್ಕೆ ತಲುಪುತ್ತದೆಯೇ? ರಜೆ ಮುಗಿದ ಮೊದಲ ವಾರದಲ್ಲೇ ಮರಿ ಮೀನು ಮಾರುಕಟ್ಟೆಗೆ ಬರದಂತೆ ನೋಡಿಕೊಳ್ಳುವವರು ಯಾರು? ಈ ಎರಡಕ್ಕೆ ಉತ್ತರ ಸಿಗದಿದ್ದರೆ, 61 ದಿನ ಉಳಿಸಿದ್ದನ್ನು ಆಗಸ್ಟ್‌ನಲ್ಲಿ ಕಳೆದುಕೊಂಡಂತೆಯೇ.