ಅಂಗಳದಲ್ಲಿ ನಿಂತೇ ಹೋದ ಸೈಕಲ್



ನಿಮ್ಮ ಮನೆಯ ಅಂಗಳದಲ್ಲಿ ಸೈಕಲೊಂದು ಇದೆಯೇ? ಇದ್ದರೆ ಒಮ್ಮೆ ಎದ್ದು ಹೋಗಿ ನೋಡಿ ಬನ್ನಿ. ಅದು ಯಾರ ಹೆಸರಿನಲ್ಲಿ ಮನೆಗೆ ಬಂತು, ಈಗ ಯಾರ ಕೈಯಲ್ಲಿದೆ ಎಂದು ಸ್ವಲ್ಪ ಯೋಚಿಸಿ. ಈ ತಿಂಗಳು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಅದರ ಬಗ್ಗೆಯೇ.

ನಾನಿರುವುದು ಶಿಡ್ಲಘಟ್ಟದ ಕಡೆ. ಪಶ್ಚಿಮಕ್ಕೆ ತಿರುಗಿದರೆ ನಂದಿಯ ಬೆಟ್ಟಸಾಲು. ಭಾನುವಾರ ನಸುಕಿನಲ್ಲೇ ಬೆಂಗಳೂರಿನ ಸೈಕಲ್ ಸವಾರರು ಹೆಲ್ಮೆಟ್ ತೊಟ್ಟು, 1,478 ಮೀಟರ್ ಎತ್ತರದ ಆ ಬೆಟ್ಟ ಹತ್ತಲು ಬರುತ್ತಾರೆ. ಅವರ ಸೈಕಲ್ಲಿನ ಬೆಲೆ ಕೇಳಿದರೆ ನಮ್ಮ ಕಡೆಯ ರೈತರು, "ಆ ದುಡ್ಡಿಗೆ ಹಸುವನ್ನೇ ಕೊಳ್ಳಬಹುದಲ್ಲ!" ಎಂದು ನಗುತ್ತಾರೆ. ಬೆಟ್ಟ ಬಿಟ್ಟು ಪೂರ್ವಕ್ಕೆ, ಚಿಂತಾಮಣಿಯ ಕಡೆಗೆ ಬಂದರೆ ನೆಲ ಹರವಾಗುತ್ತದೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಕೆರೆಯ ಏರಿ, ಮತ್ತೆ ರಾಗಿ ಹೊಲ. ಇಲ್ಲಿ ಸೈಕಲ್ ಯಾರಿಗೂ ಶೋಕಿಯಾಗಿರಲಿಲ್ಲ. ಸೊಪ್ಪಿನ ಹೊರೆ, ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ ಎಲ್ಲವೂ ಅದರ ಮೇಲೆಯೇ ಸಾಗುತ್ತಿದ್ದವು. ಮೋಟಾರ್ ಬೈಕುಗಳು ಬಂದದ್ದು ಆಮೇಲೆ.

ನಾನು ಸೈಕಲ್ ಕಲಿತದ್ದು ಹತ್ತು ವರ್ಷದವಳಿದ್ದಾಗ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅಣ್ಣನ ದೊಡ್ಡ ಸೈಕಲ್ಲಿಗೆ ಕಾಲು ಎಟುಕದೆ, ಅಡ್ಡ ಸರಳಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದೇ ಕಲಿತೆ. ಮೊಣಕಾಲು ತರಚಿದ್ದು ಎಷ್ಟು ಸಲವೋ! ಹನ್ನೆರಡು ತುಂಬಿದ ದಿನಗಳಲ್ಲಿ ಅಜ್ಜಿ "ಇನ್ನು ಸಾಕು" ಎಂದರು. ಅಲ್ಲಿಗೆ ಮುಗಿಯಿತು. ಯಾಕೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಯಲಿನಲ್ಲಿ ಸೈಕಲ್ ತುಳಿಯುವುದು ಬಲು ಸುಲಭ ಎಂದು ನೀವು ಭಾವಿಸಿರಬಹುದು. ಏರಿಲ್ಲ, ಇಳಿಜಾರಿಲ್ಲ, ನಿಜ. ಆದರೆ ಬಯಲಿಗೆ ಗಾಳಿಯೇ ಬೆಟ್ಟ. ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಪೂರ್ವದ ಹಳ್ಳಿಯಿಂದ ಪಶ್ಚಿಮದ ಪಟ್ಟಣದ ಶಾಲೆಗೆ ಹೊರಟ ಹುಡುಗಿಗೆ ಬೆಳಗ್ಗೆ ಎದುರುಗಾಳಿ, ಸಂಜೆ ಬೆನ್ನುಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆಂಬುದು ವಿಜ್ಞಾನದ ಲೆಕ್ಕ. ಆದ್ದರಿಂದ ಎದುರುಗಾಳಿಯಲ್ಲಿ ಹಟ ಹಿಡಿಯದೆ, ಮೆಲ್ಲನೆ ಒಂದೇ ಸಮನೆ ತುಳಿಯುವವರೇ ಊರು ಸೇರುವುದು.

ಇಂಥ ಹಾದಿಯಲ್ಲಿ ಆರು ಕಿಲೋಮೀಟರ್ ದೂರದ ಶಾಲೆಗೆ ನಡೆದರೆ ಒಂದೂಕಾಲು ಗಂಟೆ ಬೇಕು. ಸೈಕಲ್ಲಿದ್ದರೆ ಅರ್ಧ ಗಂಟೆ. ನಮ್ಮ ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ್ದು ಇದೇ ಕಾರಣಕ್ಕೆ. 2020ರ ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು.

ಅದು ನಿಲ್ಲುವ ಮುನ್ನ ನಡೆದದ್ದನ್ನು ಹೇಳುತ್ತೇನೆ. ನಮ್ಮ ಶಾಲೆಯ ಹುಡುಗಿಯೊಬ್ಬಳಿಗೂ ಸೈಕಲ್ ಸಿಕ್ಕಿತು. ಲೆಕ್ಕದಲ್ಲಿ ಬಲು ಚುರುಕು. ಸೈಕಲ್ ಸಿಕ್ಕ ದಿನ ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ತಳ್ಳಿಕೊಂಡೇ ಮನೆಗೆ ಹೋದಳು. ಎರಡು ವಾರದ ನಂತರ ಅದೇ ಸೈಕಲ್ಲಿನ ಮೇಲೆ ಆಕೆಯ ಚಿಕ್ಕಪ್ಪ ಸೊಪ್ಪಿನ ಹೊರೆ ತರುತ್ತಿದ್ದುದನ್ನು ನಾನೇ ಕಂಡೆ. ಹುಡುಗಿ ನಡೆದೇ ಬರುತ್ತಿದ್ದಳು. ಮಳೆಗಾಲದಲ್ಲಿ ವಾರಕ್ಕೆರಡು ದಿನ ತಪ್ಪಿಸಿದಳು. ಒಂಬತ್ತನೆಯ ತರಗತಿಯ ನಡುವೆ ಬರುವುದನ್ನೇ ನಿಲ್ಲಿಸಿದಳು. ಅವಳ ಮನೆಗೆ ಹೋಗಿ ಒಂದು ಮಾತು ಆಡಬಹುದಿತ್ತು. 'ಅವರ ಮನೆಯ ವಿಷಯ, ನನಗೇಕೆ' ಎಂದು ನಾನು ಸುಮ್ಮನಿದ್ದೆ. ಸಹೋದರಿಯರೇ, ಆ ಮೌನಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಸೈಕಲ್ ಕೊಟ್ಟರೆ ಹೆಣ್ಣುಮಕ್ಕಳು ನಿಜವಾಗಿ ಓದುತ್ತಾರೆಯೇ? ಬಿಹಾರವನ್ನು ನೋಡಿ. ಅಲ್ಲಿ 2006ರಿಂದ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲಿಗಾಗಿ ಹಣ ಕೊಡಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಪರಿಣಾಮವನ್ನು ಅಧ್ಯಯನ ಮಾಡಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದು ಕಂಡುಕೊಂಡರು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಈ ಏರಿಕೆ ಹೆಚ್ಚು.

ಇನ್ನು ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆದಾಗ, ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಲಕ್ಷಕ್ಕೂ ಹೆಚ್ಚು ಗ್ರಾಮೀಣ ಹೆಂಗಸರು ಸೈಕಲ್ ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಅವರಲ್ಲಿ ನಮ್ಮ ಸಮುದಾಯದ ಹೆಣ್ಣುಮಕ್ಕಳೂ ಇದ್ದರು. ಮೊದಲು ಗೇಲಿ ಮಾಡಿದವರು ಆಮೇಲೆ ಸುಮ್ಮನಾದರು. ಯಾಕೆಂದರೆ ನೀರು ತರುವ, ಮಗುವನ್ನು ದವಾಖಾನೆಗೆ ಒಯ್ಯುವ ಕೆಲಸಕ್ಕೆ ಇನ್ನೊಬ್ಬರನ್ನು ಕಾಯುವುದು ತಪ್ಪಿತ್ತು.

"ಬುರ್ಖಾ ತೊಟ್ಟು ಸೈಕಲ್ ಹೇಗೆ?" ಎಂದು ಕೇಳುವ ತಾಯಂದಿರಿದ್ದಾರೆ. ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಇದಕ್ಕೆ ಉತ್ತರ ಇರುವುದು ಸೈಕಲ್ ಅಂಗಡಿಯಲ್ಲಿ. ಅಡ್ಡ ಸರಳಿಲ್ಲದ, ಬಾಗಿದ ಚೌಕಟ್ಟಿನ ಲೇಡೀಸ್ ಸೈಕಲ್ ಕೊಳ್ಳಿ. ಚೈನಿಗೆ ಪೂರ್ತಿ ಮುಚ್ಚಳ ಹಾಕಿಸಿ. ಹಿಂದಿನ ಚಕ್ರದ ಎರಡೂ ಬದಿಗೆ ಬಲೆ ಕಟ್ಟಿಸಿ. ದುಪ್ಪಟ್ಟಾದ ತುದಿಗಳನ್ನು ಜೋಲು ಬಿಡದೆ ಸಿಕ್ಕಿಸಿಕೊಳ್ಳಲಿ. ಈ ಜೋಲುವ ತುದಿಗಳಿಂದಲೂ ಅವಘಡಗಳಾಗುತ್ತವೆ. ಕಲಿಯುವ ದಿನಗಳಲ್ಲಿ ಸೀಟು ತಗ್ಗಿಸಿ, ಎರಡೂ ಪಾದ ನೆಲ ಮುಟ್ಟುವಂತಿರಲಿ. ಪೆಡಲಿಗೆ ಅವಸರ ಬೇಡ. ಕಾಲಿನಿಂದ ನೆಲ ದೂಡುತ್ತಾ ತೋಲನ ಬಂದ ಮೇಲೆ ಪೆಡಲು ತುಳಿಯಲಿ.

"ರಸ್ತೆಯಲ್ಲಿ ಟಿಪ್ಪರ್‌ಗಳ ಭಯ" ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದೇ ನಿಜವಾದ ಭಯ. ಹೆದ್ದಾರಿ ಬಿಟ್ಟು ಕೆರೆ ಏರಿಯ, ಹೊಲಗಳ ನಡುವಿನ ದಾರಿ ಹುಡುಕಿ. ಹುಡುಗಿಯರು ಮೂರು ನಾಲ್ಕು ಮಂದಿ ಜೊತೆಯಾಗಿ, ಒಬ್ಬರ ಹಿಂದೆ ಒಬ್ಬರು ಹೋಗಲಿ. ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ಬ್ರೇಕನ್ನು ವಾರಕ್ಕೊಮ್ಮೆ ಮನೆಯ ಹಿರಿಯರೇ ಒತ್ತಿ ನೋಡಲಿ.

ಹಾಲೆಂಡ್ ದೇಶವೂ ನಮ್ಮ ಬಯಲಿನಂತೆಯೇ ಸಮತಟ್ಟು, ಅಲ್ಲಿಯೂ ಗಾಳಿಯದೇ ಕಾಟ. ಇಂದು ಅಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಆದರೆ ಅದು ತಾನಾಗಿ ಆದದ್ದಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆಯರು ಬೀದಿಗಿಳಿದು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಚಳವಳಿ ಹೂಡಿದ ಮೇಲೆಯೇ ಸೈಕಲ್ಲಿಗೆ ಪ್ರತ್ಯೇಕ ದಾರಿ ಬೇಕೆಂಬ ಕೂಗಿಗೆ ಬಲ ಬಂತು. ಅವರು ಮಕ್ಕಳನ್ನು ಮನೆಯೊಳಗೆ ಕೂರಿಸಲಿಲ್ಲ, ರಸ್ತೆಯನ್ನು ಸರಿಮಾಡಿ ಎಂದು ಕೇಳಿದರು. ಅಲ್ಲಿಗೆ ವಲಸೆ ಹೋದ ಮೊರಾಕ್ಕೊ, ತುರ್ಕಿಯ ಮಹಿಳೆಯರಿಗಾಗಿ ಸೈಕಲ್ ಕಲಿಸುವ ತರಗತಿಗಳೂ ನಡೆಯುತ್ತವೆ. ನಮ್ಮ ಪಂಚಾಯಿತಿಯಲ್ಲಿ ಏರಿಯ ದಾರಿಗೆ ಒಂದು ದೀಪ, ಶಾಲೆಯ ಮುಂದೆ ಒಂದು ಉಬ್ಬು ಬೇಕೆಂದು ಕೇಳಲು ನಮಗೇನು ಅಡ್ಡಿ?

ಕಳೆದ ಜೂನ್‌ನಲ್ಲಿ ಆ ಹುಡುಗಿಯ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ಕೊನೆಯ ಮಗಳು ಎಂಟನೆಯ ತರಗತಿಗೆ ಬಂದಿದ್ದಾಳೆ. ಸರಕಾರದ ಸೈಕಲ್ ಈಗ ಇಲ್ಲ. ರೀಲಿಂಗ್ ಕೆಲಸದ ಕೂಲಿಯಲ್ಲಿ ಉಳಿಸಿದ ದುಡ್ಡನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದಿದ್ದರು. "ಟೀಚರಮ್ಮಾ, ಹಳೆಯದಾದರೂ ಸರಿ, ಒಂದು ಕೊಡಿಸಿ. ಇದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ" ಎಂದರು. ದೊಡ್ಡವಳ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಇಬ್ಬರ ಮನಸ್ಸಿನಲ್ಲಿದ್ದುದೂ ಅವಳೇ. ಸೈಕಲ್ ಕೊಂಡು, ಮರುದಿನ ಇಬ್ಬರೂ ಹುಡುಗಿಯ ಜೊತೆ ಶಾಲೆಯ ದಾರಿಯನ್ನು ನಡೆದೇ ನೋಡಿ ಬಂದೆವು. ನಾಯಿ ಎಲ್ಲಿ, ಗುಂಡಿ ಎಲ್ಲಿ, ನೀರು ಕೊಡುವ ಮನೆ ಯಾವುದು ಎಂದು ಗುರುತು ಹಾಕಿಕೊಂಡೆವು.

ಕೆರೆ ಏರಿಯ ಮೇಲೆ ಆಕೆಗೆ ಕಲಿಸುವಾಗ ಮೂವತ್ತು ವರ್ಷಗಳ ನಂತರ ನಾನೂ ಹತ್ತಿದೆ. ಮೊದಲು ಕೈ ನಡುಗಿತು, ಆಮೇಲೆ ಕಾಲಿಗೆ ನೆನಪು ಬಂತು. ಈಗ ಹುಡುಗಿ ದಿನವೂ ಬರುತ್ತಿದ್ದಾಳೆ. ಆಷಾಢದ ಎದುರುಗಾಳಿಯಲ್ಲಿ ಕೆಲವು ದಿನ ತಡವಾಗಿ ಬಂದಳು. ನಾನು ಹಾಜರಿ ಹಾಕಿದೆ.

ಇನ್ನು ನೀವು ಎದ್ದು ಹೋಗಿ, ಅಂಗಳದ ಆ ಸೈಕಲ್ಲಿನ ಧೂಳು ಒರೆಸಿ, ಗಾಳಿ ತುಂಬಿಸಿ. ಅದು ಯಾರ ಹೆಸರಿನಲ್ಲಿ ಬಂದಿತೋ ಅವಳಿಗೆ ಕೊಡಿ.