‘ಹೊಂದಿಕೊಳ್ಳುತ್ತವೆ ಬಿಡು’ ಎನ್ನುವ ಮುನ್ನ

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ನಮ್ಮ ಬೀದಿಗಳಲ್ಲಿ ನಾಯಿಮರಿಗಳ ಕುಂಯ್‌ ಕುಂಯ್‌ ಸದ್ದು ಕೇಳತೊಡಗುತ್ತದೆ. ಅದೇ ಹೊತ್ತಿಗೆ ಗೆಳೆಯರ ವಾಟ್ಸ್‌ಆ್ಯಪ್‌ ಸ್ಟೇಟಸ್‌ಗಳೂ ಬದಲಾಗುತ್ತವೆ. ಅಂಗೈಯಗಲದ ಮರಿಯ ಫೋಟೊ, ಕೆಳಗೆ ‘ನಮ್ಮನೆಯ ಹೊಸ ಸದಸ್ಯ’ ಎಂಬ ಸಾಲು. ‘ಮನೆಯಲ್ಲಿ ಆಗಲೇ ಒಂದು ದೊಡ್ಡ ನಾಯಿ ಇದೆಯಲ್ಲ, ಅದು ಸುಮ್ಮನಿರುತ್ತಾ?’ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಎರಡು ದಿನ ಗುರ್‌ ಅನ್ನುತ್ತೆ, ಆಮೇಲೆ ಹೊಂದಿಕೊಳ್ಳುತ್ತವೆ ಬಿಡು.’

ನನ್ನ ತಕರಾರು ಇರುವುದು ಈ ‘ಬಿಡು’ ಎಂಬ ಪದದ ಮೇಲೆ. ಎಷ್ಟೋ ಮನೆಗಳಲ್ಲಿ ನಾಯಿಗಳು ಹೊಂದಿಕೊಳ್ಳುತ್ತವೆ, ನಿಜ. ಆದರೆ ಮೊದಲೇ ಸಿಡುಕು ಸ್ವಭಾವದ, ಬೇರೆ ನಾಯಿಯನ್ನು ಕಂಡರೆ ಎರಗುವ ನಾಯಿ ಇರುವ ಮನೆಯಲ್ಲಿ ಅವು ತಾವಾಗಿಯೇ ಹೊಂದಿಕೊಳ್ಳುವುದಿಲ್ಲ. ಹೊಂದಿಸುವವರು ಬೇಕು. ಆ ಕೆಲಸಕ್ಕೆ ಸಮಯವಿಲ್ಲದಿದ್ದರೆ ಮರಿಯನ್ನು ಮನೆಗೆ ತರಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

‘ಮರಿಗಳಿಗೆ ದೊಡ್ಡ ನಾಯಿಗಳು ಏನೂ ಮಾಡುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅನೇಕ ನಾಯಿಗಳು ಮರಿಗಳ ತುಂಟಾಟವನ್ನು ಸಹಿಸುತ್ತವೆ ಎಂಬುದು ಸರಿ, ಎಲ್ಲವೂ ಸಹಿಸುತ್ತವೆ ಎಂಬುದು ತಪ್ಪು. ಎರಡು ತಿಂಗಳ ಮರಿಗೆ ದೊಡ್ಡವರ ಭಾಷೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಸೂಜಿಯಂಥ ಹಾಲುಹಲ್ಲಿನಿಂದ ದೊಡ್ಡದರ ಕಿವಿ ಎಳೆಯುತ್ತದೆ, ಅದು ಮುಖ ತಿರುಗಿಸಿದರೂ ಬಿಡದೆ ಮೇಲೆ ಬೀಳುತ್ತದೆ, ನೇರವಾಗಿ ಅದರ ತಟ್ಟೆಗೇ ಬಾಯಿ ಹಾಕುತ್ತದೆ. ಎರಡೂ ಒಂದೇ ಗಾತ್ರದವಾಗಿದ್ದರೆ ಜಗಳ ಜಗಳವಾಗಿಯೇ ಮುಗಿಯಬಹುದು. ಎರಡು ಕಿಲೊ ಮರಿ, ಇಪ್ಪತ್ತೈದು ಕಿಲೊ ನಾಯಿ ಎಂದಾಗ ‘ಸುಮ್ಮನೆ ಹೆದರಿಸಲು’ ಹಾಕಿದ ಬಾಯಿಯೂ ಸಾಕಾಗುತ್ತದೆ.

ಹಾಗಂತ ದೊಡ್ಡ ನಾಯಿಯನ್ನು ಖಳನಾಯಕ ಮಾಡಲು ನಾನು ತಯಾರಿಲ್ಲ. ಅದರ ಕಡೆಯಿಂದ ಯೋಚಿಸಿ. ಐದಾರು ವರ್ಷದಿಂದ ಆ ಜಗಲಿ ಅದರದು, ಗೋಣಿಚೀಲ ಅದರದು, ಸಂಜೆ ಕೆಲಸದಿಂದ ಬರುವ ಅಪ್ಪನ ಮೊದಲ ಮಾತು ಅದರದು. ಒಂದು ದಿನ ಏಕಾಏಕಿ ಇನ್ನೊಂದು ಜೀವ ಬಂದು ಎಲ್ಲದರಲ್ಲೂ ಪಾಲು ಕೇಳುತ್ತದೆ. ನಮ್ಮ ಊರುಗಳಲ್ಲಿ ಹಲವು ಮನೆಗಳ ನಾಯಿಗಳು ಹಗಲಿಡೀ ಚೈನಿನಲ್ಲೇ ಇರುತ್ತವೆ. ಹಾಗೆ ಕಟ್ಟಿಹಾಕಿಸಿಕೊಂಡ ನಾಯಿ ಬೇರೆ ನಾಯಿಗಳ ಜೊತೆ ಹೇಗಿರಬೇಕೆಂದು ಕಲಿಯುವುದಾದರೂ ಎಲ್ಲಿಂದ? ಇನ್ನು ವಯಸ್ಸಾದ ನಾಯಿಯ ಸಿಟ್ಟಿನ ಹಿಂದೆ ಕೀಲುನೋವು, ಕಿವಿಯ ಸೋಂಕು, ಹಲ್ಲುನೋವು ಇರುವುದೂ ಉಂಟು. ಮೊದಲು ಶಾಂತವಾಗಿದ್ದ ನಾಯಿ ಇತ್ತೀಚೆಗೆ ಸಿಡುಕತೊಡಗಿದ್ದರೆ ಮೊದಲು ತೋರಿಸಬೇಕಾದ್ದು ಪಶುವೈದ್ಯರಿಗೆ, ಕೋಲನ್ನಲ್ಲ.

ಕೋಲಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಮರಿಯನ್ನು ನೋಡಿ ದೊಡ್ಡದು ಗುರುಗುಟ್ಟಿದ ಕೂಡಲೇ ಗದರಿಸಿ ಒಂದೇಟು ಹಾಕುವುದು ನಮ್ಮಲ್ಲಿ ಸಾಮಾನ್ಯ. ಅದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಗುರುಗುಟ್ಟುವುದೆಂದರೆ ನಾಯಿ ಬಾಯಿಬಿಟ್ಟು ‘ನನಗಿದು ಆಗುತ್ತಿಲ್ಲ, ದೂರ ಕಳಿಸಿ’ ಎನ್ನುವುದು. ಅದಕ್ಕೆ ಏಟು ಬಿದ್ದರೆ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಒಳಗಿನ ಸಿಟ್ಟನ್ನು ಬಿಡುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ನೇರ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಕೂರುವುದೂ ಬೇಡ. ಬೊಗಳುವ ನಾಯಿಯೂ ಕಚ್ಚುತ್ತದೆ, ಕಚ್ಚುವ ಮೊದಲು ನಮಗೆ ತಿಳಿಸುತ್ತದೆ ಅಷ್ಟೆ. ತಿಳಿಸಿದಾಗ ಕೇಳಿಸಿಕೊಳ್ಳುವುದು ನಮ್ಮ ಕೆಲಸ.

ನನ್ನ ಗೆಳತಿಯೊಬ್ಬಳು ದಸರಾ ರಜೆಯಲ್ಲಿ ಊರಿಗೆ ಹೋದಾಗ ಬಸ್‌ಸ್ಟ್ಯಾಂಡ್‌ ಹಿಂದಿನ ಚರಂಡಿ ಪಕ್ಕ ಸಿಕ್ಕ ಮರಿಯನ್ನು ಮನೆಗೆ ತಂದಳು. ಮನೆಯಲ್ಲಿ ಆಗಲೇ ರಾಜ ಇದ್ದ. ಬೀದಿಯ ಯಾವ ನಾಯಿಯನ್ನೂ ಗೇಟಿನ ಬಳಿ ಸುಳಿಯಲು ಬಿಡದವನು. ಹತ್ತು ದಿನ ಅವಳೇ ಕಾವಲಿದ್ದಳು, ಏನೂ ಆಗಲಿಲ್ಲ. ರಜೆ ಮುಗಿಯಿತು, ಅವಳು ಹಾಸ್ಟೆಲ್‌ಗೆ ಹೊರಟಳು. ಮರಿ ಅಮ್ಮನ ಪಾಲಿಗೆ ಬಂತು. ಬೆಳಿಗ್ಗೆ ತಿಂಡಿ, ಡಬ್ಬಿ, ಅತ್ತೆಯ ಔಷಧಿ, ನಡುವೆ ಈ ಎರಡು ನಾಯಿಗಳು. ನಾಲ್ಕನೇ ದಿನ ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮರಿ ರಾಜನ ತಟ್ಟೆಗೆ ಬಾಯಿ ಹಾಕಿತು. ಬಿಡಿಸಲು ಹೋದ ಅಮ್ಮನ ಕೈಗೂ ಹಲ್ಲು ನಾಟಿತು. ಮರಿ ಬದುಕಿತು, ಒಂದು ಕಣ್ಣು ಹೋಯಿತು. ‘ನಾನು ನಿನ್ನನ್ನು ಬೈಯಲ್ಲ ಮಗಳೇ, ಆದರೆ ನನ್ನನ್ನು ಒಂದು ಮಾತು ಕೇಳಬೇಕಿತ್ತು’ ಎಂದು ಅಮ್ಮ ಫೋನಿನಲ್ಲಿ ಹೇಳಿದರಂತೆ. ಈ ಲೇಖನ ಬರೆಯಲು ಕೂರಿಸಿದ್ದು ಆ ಒಂದು ಮಾತು.

ಹಾಗಾದರೆ ಇಂಥ ಮನೆಯಲ್ಲಿ ಮರಿ ಬೆಳೆಯಲು ಸಾಧ್ಯವೇ ಇಲ್ಲವೇ? ಇದೆ. ನಮ್ಮ ಮನೆಯಲ್ಲೇ ಇಂಥ ಎರಡು ನಾಯಿಗಳಿವೆ. ಆದರೆ ಅವುಗಳ ನಡುವೆ ಆರು ವಾರ ಒಂದು ಬಾಗಿಲಿತ್ತು. ಮರಿ ಒಳಕೋಣೆಯಲ್ಲಿ, ದೊಡ್ಡದು ಹೊರಗೆ. ಮೊದಲ ವಾರ ಇದು ಮಲಗಿದ ಬಟ್ಟೆ ಅದಕ್ಕೆ, ಅದರ ಗೋಣಿಚೀಲ ಇದಕ್ಕೆ. ಮುಖ ನೋಡುವ ಮೊದಲು ವಾಸನೆಯ ಪರಿಚಯ. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ, ಸಾಕಷ್ಟು ದೂರದಲ್ಲಿ ಊಟ. ಬಾಗಿಲಾಚೆಯ ಆ ವಾಸನೆ ಬಂದಾಗಲೆಲ್ಲ ಒಳ್ಳೆಯದೇ ಸಿಗುತ್ತದೆ ಎಂದು ದೊಡ್ಡದಕ್ಕೆ ಗೊತ್ತಾಗಬೇಕು. ಮುಖಾಮುಖಿ ಮಾಡಿಸಿದ್ದು ದೊಡ್ಡದು ತನ್ನದೆಂದು ಭಾವಿಸಿದ ಜಗಲಿಯಲ್ಲಲ್ಲ, ಪಕ್ಕದ ಮನೆಯವರ ತಾರಸಿಯಲ್ಲಿ. ಒಂದೊಂದಕ್ಕೂ ಒಬ್ಬೊಬ್ಬರು, ಇಬ್ಬರ ಕೈಯಲ್ಲೂ ಬೆಲ್ಟ್‌, ಐದೇ ನಿಮಿಷ. ಜಗಳವಾಗುವ ತನಕ ಕಾಯದೆ, ಎಲ್ಲ ಚೆನ್ನಾಗಿರುವಾಗಲೇ ಮುಗಿಸಿ ವಾಪಸ್‌. ಮರಿಯ ಲಸಿಕೆಗಳು ಮುಗಿಯದೆ ಅದನ್ನು ಬೀದಿಯಲ್ಲಿ ನಡೆಸುವಂತಿಲ್ಲ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಶುರುವಾಗುವ ಚುಚ್ಚುಮದ್ದು ನಾಲ್ಕು ತಿಂಗಳವರೆಗೆ ನಡೆಯುತ್ತದೆ. ಅಷ್ಟರೊಳಗೆ ಪಾರ್ವೊ ಬಂದರೆ ದೊಡ್ಡ ನಾಯಿಯ ಅಗತ್ಯವೇ ಇರುವುದಿಲ್ಲ, ರೋಗವೇ ಸಾಕು.

ನೋಡಬೇಕಾದ್ದು ಬಾಲವನ್ನೊಂದೇ ಅಲ್ಲ. ಬಾಲ ಆಡಿಸಿದರೆ ಖುಷಿ ಎಂದುಕೊಳ್ಳುತ್ತೇವೆ, ಆದರೆ ಮೈ ಬಿಗಿಹಿಡಿದು ಬಾಲವನ್ನು ಮೇಲೆತ್ತಿ ಆಡಿಸುವುದು ಖುಷಿಯಲ್ಲ. ಕಣ್ಣು ಮಿಟುಕಿಸದೆ ದಿಟ್ಟಿಸುವುದು, ತಟ್ಟೆಯ ಮೇಲೆ ಬಗ್ಗಿ ಕಲ್ಲಿನಂತೆ ನಿಲ್ಲುವುದು, ತುಟಿ ಮೇಲಕ್ಕೆಳೆಯುವುದು, ಬೆನ್ನ ಕೂದಲು ನಿಮಿರುವುದು ಕಂಡರೆ ಆವತ್ತಿಗೆ ಸಾಕು. ಮೈ ಸಡಿಲ ಬಿಟ್ಟು ನೆಲ ಮೂಸುತ್ತಾ ಅತ್ತಿತ್ತ ನೋಡುತ್ತಿದ್ದರೆ ನಾಳೆ ಇನ್ನೆರಡು ನಿಮಿಷ ಹೆಚ್ಚಿಸಬಹುದು. ಊಟ, ಮೂಳೆ, ಆಟಿಕೆ ಯಾವಾಗಲೂ ಬೇರೆ ಬೇರೆ. ಮುಖ್ಯವಾಗಿ, ಮರಿ ದೊಡ್ಡದಾಗಿ, ಎರಡರ ಮೇಲೂ ಪೂರ್ತಿ ಭರವಸೆ ಬರುವವರೆಗೆ ಯಾರ ಕಣ್ಗಾವಲೂ ಇಲ್ಲದೆ ಒಂದು ನಿಮಿಷವೂ ಒಟ್ಟಿಗೆ ಬಿಡಬಾರದು. ಸ್ನಾನಕ್ಕೆ ಹೋಗುವಾಗಲೂ ಬಾಗಿಲು ಹಾಕಲೇಬೇಕು. ಅನಾಹುತ ಆಗುವುದು ‘ಈಗ ಬಂದೆ’ ಎಂದು ಹೋದ ಆ ಎರಡು ನಿಮಿಷದಲ್ಲೇ.

ಅಕಸ್ಮಾತ್‌ ಹಿಡಿದುಕೊಂಡರೆ ಬಾಯಿಗಳ ನಡುವೆ ಕೈ ಹಾಕಬೇಡಿ. ಬಕೆಟ್‌ ನೀರು, ದಪ್ಪ ಕಂಬಳಿ, ಅಡ್ಡ ತಳ್ಳಲು ಒಂದು ಹಲಗೆ ಕೈಗೆ ಸಿಗುವಂತಿರಲಿ. ಮರಿಯ ಮೈಮೇಲೆ ಚಿಕ್ಕ ತೂತಷ್ಟೇ ಕಂಡರೂ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು. ಹಲ್ಲಿನ ಗಾಯ ಹೊರಗೆ ಕಾಣುವುದಕ್ಕಿಂತ ಒಳಗೆ ಆಳ. ಮನುಷ್ಯರಿಗೆ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ‘ನಮ್ಮನೆಯದೇ ನಾಯಿ ಅಲ್ವಾ’ ಎಂದು ಅರಿಶಿನ ಹಚ್ಚಿ ಕೂರುವಂತಿಲ್ಲ.

ಈಗ ಲೆಕ್ಕ ಹಾಕಿ. ಇಷ್ಟನ್ನೂ ದಿನಕ್ಕೆ ನಾಲ್ಕೈದು ಸಲ, ವಾರಗಟ್ಟಲೆ ಮಾಡುವವರು ಯಾರು? ನಮಗೆ ಇಂಟರ್ನಲ್ಸ್‌ ಇದೆ, ಕೆ.ಎ.ಎಸ್‌. ಕೋಚಿಂಗ್‌ ಇದೆ, ನಾಳೆಯೇ ಬೆಂಗಳೂರಿನಿಂದ ಸಂದರ್ಶನಕ್ಕೆ ಕರೆ ಬರಬಹುದು. ಕೆಲಸ ಸಿಕ್ಕ ದಿನ ಬ್ಯಾಗ್‌ ಹಿಡಿದು ಪಿ.ಜಿ. ಸೇರುತ್ತೇವೆ. ಅಲ್ಲಿ ನಾಯಿಗೆ ಜಾಗವಿಲ್ಲ. ಉಳಿಯುವುದು ಅಮ್ಮ, ಒಂದು ಮರಿ ಮತ್ತು ಅದನ್ನು ಸಹಿಸದ ನಾಯಿ. ನಮ್ಮ ಕರುಣೆಯ ಬಿಲ್ಲನ್ನು ಅಮ್ಮ ಕಟ್ಟುವುದು ಯಾವ ನ್ಯಾಯ? 2022ರಲ್ಲಿ ‘777 ಚಾರ್ಲಿ’ ನೋಡಿ ಅತ್ತ ಎಷ್ಟೋ ಜನರಿಗೆ ಮನೆಗೊಂದು ನಾಯಿ ತರಬೇಕೆನಿಸಿತು. ಅತ್ತಿದ್ದು ತಪ್ಪಲ್ಲ. ಆದರೆ ಸಿನಿಮಾ ಮೂರು ಗಂಟೆಗೆ ಮುಗಿಯುತ್ತದೆ, ನಾಯಿ ಹತ್ತು ಹದಿನೈದು ವರ್ಷ ಬದುಕುತ್ತದೆ.

‘ಹಾಗಾದರೆ ಮರಿ ಬೀದಿಯಲ್ಲೇ ಸಾಯಲಿ ಅಂತೀಯಾ?’ ಎಂದು ನೀವು ಕೇಳಬಹುದು. ಇಲ್ಲ. ಮೊದಲು, ಒಂಟಿಯಾಗಿ ಕಂಡ ಮರಿ ಅನಾಥವೇ ಆಗಿರಬೇಕಿಲ್ಲ. ತಾಯಿ ಊಟ ಹುಡುಕಿ ಹೋಗಿರಬಹುದು. ದೂರದಿಂದ ಕಾದು ನೋಡಿ. ಎಂಟು ವಾರದೊಳಗಿನ ಮರಿಯನ್ನು ತಾಯಿಯಿಂದ ಬೇರೆ ಮಾಡುವುದೇ ಅದಕ್ಕೆ ಕೇಡು. ತಾಯಿಗೆ ದಿನಕ್ಕೊಂದು ಹೊತ್ತು ಊಟ ಹಾಕಿದರೆ ಅಷ್ಟೂ ಮರಿಗಳನ್ನು ಸಾಕಿದಂತೆ. ನಿಜಕ್ಕೂ ಅನಾಥವಾಗಿದ್ದರೆ, ಬೇರೆ ನಾಯಿಯಿಲ್ಲದ ಅಥವಾ ಸಾಧು ನಾಯಿಯಿರುವ ಮನೆ ಹುಡುಕಿ. ಲಸಿಕೆಯ ಖರ್ಚನ್ನು ನಾಲ್ಕು ಜನ ಗೆಳೆಯರು ಹಂಚಿಕೊಳ್ಳಿ. ಸ್ಟೇಟಸ್‌ ಹಾಕುವುದಿದ್ದರೆ ಇದಕ್ಕೆ ಹಾಕಿ.

ಎಲ್ಲ ಪ್ರಯತ್ನದ ನಂತರವೂ ಎರಡೂ ಹೊಂದದಿದ್ದರೆ, ಮರಿಗೆ ಬೇರೆ ಮನೆ ನೋಡುವುದು ಸೋಲಲ್ಲ. ಆದರೆ ‘ಹೊಸದು ಬಂತಲ್ಲ’ ಎಂದು ಹಳೆಯದನ್ನು ದೂರದ ಹೆದ್ದಾರಿಯಲ್ಲಿ ಇಳಿಸಿ ಬರುವುದು ಮಾತ್ರ ಕ್ರೌರ್ಯ. ಸಾಕಿದ ಪ್ರಾಣಿಯನ್ನು ಹಾಗೆ ಕೈಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಮರಿಯನ್ನು ಎತ್ತಿಕೊಳ್ಳುವ ಮನಸ್ಸು ನಮ್ಮ ವಯಸ್ಸಿನ ಒಳ್ಳೆಯ ಗುಣ. ಅದನ್ನು ಕಳೆದುಕೊಳ್ಳುವುದು ಬೇಡ. ಎತ್ತಿಕೊಳ್ಳುವ ಮೊದಲು ಮನೆಗೊಂದು ಫೋನ್‌ ಮಾಡಿ ಎಂದಷ್ಟೇ ನನ್ನ ವಿನಂತಿ. ‘ಅಮ್ಮಾ, ಒಂದು ಮರಿ ಸಿಕ್ಕಿದೆ. ನಮ್ಮ ನಾಯಿ ಬಿಟ್ಟೀತಾ? ಬಿಡದಿದ್ದರೆ ಎರಡು ತಿಂಗಳು ಯಾರು ನೋಡಿಕೊಳ್ಳೋದು?’ ಎಂದು ಕೇಳಿ. ಎರಡನೇ ಪ್ರಶ್ನೆಗೆ ‘ನಾನೇ’ ಎಂದು ನೀವೇ ಉತ್ತರಿಸುವಂತಿದ್ದರೆ ಧಾರಾಳವಾಗಿ ಮನೆಗೆ ತನ್ನಿ.